ಕೊಲಂಬೊದ ಕೋಟೆಯಲ್ಲಿ ಗಂಡು ನೋಡಿ ಬಂದದ್ದು

ಮಸ್ಕಿ

ಪರದೇಶಕ್ಕೆ ಹೋಗಿ ಬಂದವರು ಅಲ್ಲಿಯ ಅರಮನೆ, ತೋಟ, ಸಮುದ್ರದ ವರ್ಣನೆ ಮಾಡುತ್ತಾರೆ. ನಾನು ಹೋದದ್ದು ಒಬ್ಬ ಮನುಷ್ಯನ ಮೇಲೆ ಕಣ್ಣಿಡುವುದಕ್ಕೆ. ಸಮುದ್ರ ದಾಟಿದ್ದು ನಿಜ, ಆದರೆ ಅದರ ಬಣ್ಣ ಹೇಗಿತ್ತು ಎಂದು ಯಾರಾದರೂ ಕೇಳಿದರೆ ತಡವರಿಸುತ್ತೇನೆ. ಆ ಮನುಷ್ಯನ ಅಂಗಿಗೆ ಎಂಥ ಗುಂಡಿಗಳಿದ್ದವು ಎಂದು ಕೇಳಿ, ಈಗಲೂ ಹೇಳುತ್ತೇನೆ.

ನನ್ನ ತಂಗಿ ನೀಲಮ್ಮನ ಗಂಡ ನಿಜಾಮನ ಆಳ್ವಿಕೆಯ ಕೊನೆಯಲ್ಲಿ ಎದ್ದ ಗಲಾಟೆಯ ವರ್ಷ ತೀರಿಕೊಂಡ. ಆಗ ನಮ್ಮ ಕಡೆಯ ಎಷ್ಟೋ ಕುಟುಂಬಗಳು ನಿಜಾಮನ ಗಡಿ ದಾಟಿ ಆಚೆಯ ಕ್ಯಾಂಪುಗಳಲ್ಲಿ ತಲೆಮರೆಸಿಕೊಂಡಿದ್ದವು. ನೀಲಮ್ಮ, ಅವಳ ಗಂಡ ಇಬ್ಬರೂ ಹೋಗಿದ್ದರು. ಅಲ್ಲಿ ಜ್ವರ ಬಂದು ಅವನು ಹೋದ. ಮಸ್ಕಿಯಲ್ಲಿ ಅರಿವೆ ಅಂಗಡಿ ಕಾಯುತ್ತ ಕುಳಿತಿದ್ದ ನನಗೆ ಸುದ್ದಿ ಮುಟ್ಟಿ, ನಾನು ಅಲ್ಲಿಗೆ ಹೋಗುವ ಹೊತ್ತಿಗೆ ಮಣ್ಣು ಮಾಡಿ ಮುಗಿದಿತ್ತು. ತಂಗಿಯನ್ನು ಕರೆದುಕೊಂಡು ಬಂದೆ. ಅಲ್ಲಿ ಏನಾಯಿತು ಎಂದು ಅವಳು ಹೇಳಲಿಲ್ಲ, ನಾವೂ ಕೆದಕಲಿಲ್ಲ.

ನಾಲ್ಕೈದು ವರ್ಷ ಕಳೆದ ಮೇಲೆ ಗುರುಗುಂಟದಿಂದ ಒಬ್ಬ ಮುದುಕಿ ನಮ್ಮ ಮನೆಗೆ ಬಂದಳು. ಗಂಡ ಸತ್ತವಳಿಗೆ ಮತ್ತೆ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವ ಉಡಿಕೆ ನಮ್ಮಲ್ಲಿ ಹೊಸದೇನಲ್ಲ. ಆದರೆ ಅವಳು ತಂದ ಗಂಡು ಎಲ್ಲಿಯದು ಎಂದು ಕೇಳಿ ನಾನು ಗಾಬರಿಯಾದೆ.

"ನಮ್ಮ ಅಣ್ಣನ ಮಗ ಶರಣಪ್ಪ ಕೊಲಂಬೋದಾಗ ಅದಾನ. ದೊಡ್ಡ ಹೋಟೆಲ್ನ್ಯಾಗ ಉಗ್ರಾಣದ ಕೀಲಿ ಎಲ್ಲಾ ಆತನ ಕೈಯಾಗ ಅದಾವ. ನಿಮ್ಮ ನೀಲಮ್ಮನ್ನ ಉಡಿಕಿ ಮಾಡ್ಕೋತೀನಿ ಅಂತಾನ. ನೀವು ಬಂದು ನೋಡ್ರಿ, ಅದ ಹೋಟೆಲ್ನ್ಯಾಗ ಇಳಿಸ್ಕೋತೀನಿ ಅಂದಾನ."

ನಮ್ಮ ಮನೆಯ ಹಿರಿಯ, ದೊಡ್ಡಪ್ಪ ಅಮರಪ್ಪ, ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿ ಕೇಳಿದ: "ಕುಂಟೇನು?"

"ಇಲ್ರಿ, ಕೈಕಾಲು ನೆಟ್ಟಗ ಅದಾವ."

"ಹಂಗಾರ ಬ್ಯಾರೆ ಏನೋ ಐತಿ. ನಮ್ಮ ಹುಡುಗಿನ್ನ ಆತ ಎಲ್ಲಿ ಕಂಡಾನ?"

"ಕ್ಯಾಂಪಿನ್ಯಾಗ ಕಂಡಾನಂತ."

ಈ ಮಾತು ನನ್ನ ಎದೆಯಲ್ಲಿ ಮುಳ್ಳಿನಂತೆ ಕುಳಿತುಬಿಟ್ಟಿತು. ಕ್ಯಾಂಪಿನಲ್ಲಿ ಗಂಡ ಸಾಯುತ್ತ ಮಲಗಿದ್ದಾಗ ಇವನ ಕಣ್ಣು ಎಲ್ಲಿತ್ತು? ಅಷ್ಟು ದೂರ ಹೋಗಿ ದೊಡ್ಡ ಕೆಲಸ ಹಿಡಿದವನಿಗೆ ಹೊಸ ಹೆಣ್ಣು ಸಿಗಲಿಲ್ಲವೆ? ದೊಡ್ಡಪ್ಪನಿಗೆ ಇದಕ್ಕಿಂತ ಬೇರೆ ಚಿಂತೆ. ಪರದೇಶದ ಹೋಟೆಲಿನಲ್ಲಿ, ಮಾಂಸ ಬೇಯುವ ಮನೆಯಲ್ಲಿ ಇರುವವನ ಕೊರಳಲ್ಲಿ ಲಿಂಗ ಉಳಿದಿದೆಯೋ ಇಲ್ಲವೋ?

"ಲಿಂಗ ಇಲ್ಲದಾವನ ಮನಿಗೆ ನಮ್ಮ ಹುಡುಗಿ ಕಾಲಿಡಾಂಗಿಲ್ಲ. ಇದು ನನ್ನ ಮಾತು," ಎಂದ ದೊಡ್ಡಪ್ಪ, ಒಳಗೆ ರೊಟ್ಟಿ ಬಡಿಯುತ್ತಿದ್ದ ನೀಲಮ್ಮನಿಗೂ ಕೇಳುವಂತೆ.

ರೊಟ್ಟಿಯ ಸಪ್ಪಳ ಒಂದು ಕ್ಷಣ ನಿಂತಿತು. ಆಮೇಲೆ ನೀಲಮ್ಮ ಬಾಗಿಲಿಗೆ ಬಂದು, "ಹೋಗಿ ನೋಡಿ ಬರ್ರಿ," ಎಂದಷ್ಟೇ ಹೇಳಿದಳು. ಮುಖ ನೋಡಿದೆ, ಏನೂ ತಿಳಿಯಲಿಲ್ಲ. ಹೂಂ ಅನ್ನಬೇಕೆಂದು ಅವಳಿಗೆ ಆಸೆ ಇದೆಯೋ, ಬೇಡವೆನ್ನಲು ನೆವ ಬೇಕೋ, ಒಡಹುಟ್ಟಿದ ನನಗೇ ಗೊತ್ತಾಗಲಿಲ್ಲ.

ಧನುಷ್ಕೋಟಿ

ಕಾಗದಪತ್ರ ಮಾಡಿಸುವ ತಾಪತ್ರಯ ಬರೆದರೆ ಓದುವವರಿಗೂ ತಾಪತ್ರಯ, ಅದನ್ನು ಬಿಡುತ್ತೇನೆ. ಮಸ್ಕಿಯಿಂದ ರಾಯಚೂರಿಗೆ ಬಸ್ಸು, ರಾಯಚೂರಿನಿಂದ ಮದ್ರಾಸಿಗೆ ರೈಲು, ಅಲ್ಲಿಂದ ಭೂಮಿ ಮುಗಿಯುವ ತನಕ ಇನ್ನೊಂದು ರೈಲು. ದೊಡ್ಡಪ್ಪನ ಗಂಟಿನಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ ಇದ್ದವು. ಕುಡಿಯುವ ನೀರಿಗೆ ತನ್ನದೇ ತಂಬಿಗೆ ತಂದಿದ್ದ. ದಾರಿಯುದ್ದಕ್ಕೂ ಆ ತಂಬಿಗೆಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಪಕ್ಕದಲ್ಲಿ ಕುಳಿತ ಮದ್ರಾಸಿನವರು ಸುಮ್ಮನೆ ನಕ್ಕರೂ ಅವನು ಗಂಟನ್ನು ಇನ್ನಷ್ಟು ಹತ್ತಿರ ಎಳೆದುಕೊಳ್ಳುತ್ತಿದ್ದ.

ಹಡಗು ಹತ್ತುವ ಮೊದಲು ಡಾಕ್ಟರು ಎಲ್ಲರ ಅಂಗಿ ಬಿಚ್ಚಿಸಿ ಎದೆ ಪರೀಕ್ಷೆ ಮಾಡಿದರು. ದೊಡ್ಡಪ್ಪ ಲಿಂಗವಿದ್ದ ಕೊರಳಿನ ಬೆಳ್ಳಿ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದೇ ನಿಂತಿದ್ದ. ಹೊರಗೆ ಬಂದ ಮೇಲೆ ನನ್ನ ಕಿವಿಯಲ್ಲಿ ಅಂದ: "ಬಸ್ಯಾ, ಆ ಶರಣಪ್ಪನ್ನೂ ಹಿಂಗ ಅಂಗಿ ಬಿಚ್ಚಿಸಿ ನೋಡಾಂಗಿದ್ರ ಇಷ್ಟು ದೂರ ಹೋಗೂದ ಬ್ಯಾಡಾಗಿತ್ತು."

ಹಡಗಿನಲ್ಲಿ ನಾನು ವಾಂತಿ ಮಾಡಿಕೊಂಡೆ. ದೊಡ್ಡಪ್ಪ ಮಾತ್ರ ಗಟ್ಟಿಯಾಗಿ ಕುಳಿತು, ನೀರಿನ ಮೇಲೆ ನಡೆಯುವ ವಸ್ತುವನ್ನು ನಂಬಬಾರದೆಂದು ನನಗೆ ಬುದ್ಧಿ ಹೇಳಿದ.

ಕೊಲಂಬೊ: ಕೋಟೆ

ಹಡಗು ಇಳಿದು ಮತ್ತೊಂದು ರೈಲು ಹಿಡಿದು ಕೊಲಂಬೊ ಮುಟ್ಟಿದಾಗ ಶರಣಪ್ಪ ಸ್ಟೇಷನ್ನಿಗೆ ಬಂದಿದ್ದ. ಮೂವತ್ತರ ಆಸುಪಾಸು, ಸಪೂರ ಮೈ, ಕಪ್ಪು ಮುಖ, ತಗ್ಗಿದ ದನಿ. ಮೈಮೇಲೆ ಹೋಟೆಲಿನ ಬಿಳಿ ಕೋಟು, ಹಿತ್ತಾಳೆ ಗುಂಡಿಗಳು ಗಂಟಲಿನ ತನಕ ಹಾಕಿದ್ದವು. ಬೆವರು ಕಾಲುವೆಯಾಗಿ ಹರಿಯುವ ಸೆಕೆಯಲ್ಲಿ ಇವನು ಗಂಟಲು ಮುಚ್ಚಿಕೊಂಡು ನಿಂತಿದ್ದಾನೆ. ಹಣೆಯ ಮೇಲೆ ವಿಭೂತಿ ಇಲ್ಲ. ದೊಡ್ಡಪ್ಪ ನನ್ನನ್ನು ನೋಡಿದ, ನಾನು ದೊಡ್ಡಪ್ಪನನ್ನು ನೋಡಿದೆ. ಅಷ್ಟರಲ್ಲಿ ಶರಣಪ್ಪ ಬಾಗಿ ದೊಡ್ಡಪ್ಪನ ಪಾದ ಮುಟ್ಟಿದ.

"ಹಾದ್ಯಾಗ ತ್ರಾಸ ಆತೇನ್ರಿ ಸಾವಕಾರ್ರ? ಅಣ್ಣಾರ, ಆ ಗಂಟು ಇಲ್ಲಿ ಕೊಡ್ರಿ."

ನಾನು ಗಂಟು ಕೊಡಲಿಲ್ಲ.

ಹೋಟೆಲು ಇರುವ ಪೇಟೆಗೆ ಕೋಟೆ ಎಂದೇ ಹೆಸರು. ನಮ್ಮ ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಕೋಟೆ ಕಂಡವನು ನಾನು. ಕೋಟೆ ಎಂದರೆ ಅಗಳ ಬೇಕು, ಬುರುಜು ಬೇಕು, ಒಳಗೆ ಹೋಗಲು ಹೆದರಿಕೆಯಾಗುವ ಬಾಗಿಲು ಬೇಕು. ಇಲ್ಲಿ ಒಂದೂ ಇಲ್ಲ. ಪೋರ್ತುಗೀಜರು ಕಟ್ಟಿದ್ದರಂತೆ, ಡಚ್ಚರು ಗಟ್ಟಿ ಮಾಡಿದರಂತೆ, ಇಂಗ್ಲಿಷರು ಬಂದು ಗೋಡೆ ಕೆಡವಿ ಹೆಸರನ್ನು ಮಾತ್ರ ಇಟ್ಟುಕೊಂಡರಂತೆ. ದಪ್ಪ ಗೋಡೆಯ ಹಳೆಯ ಮನೆಗಳು, ಕಮಾನುಗಳ ಕೆಳಗೆ ನೆರಳಿನಲ್ಲಿ ನಡೆಯುವ ದಾರಿ, ರಸ್ತೆಯ ನಡುವೆ ಗಡಿಯಾರದ ಗೋಪುರ. ಅದೇ ಗೋಪುರದ ತುದಿಯಲ್ಲಿ ಹಡಗಿನವರಿಗೆ ದೀಪ. ಒಂದೇ ಗೋಪುರದಿಂದ ಎರಡು ಕೆಲಸ ತೆಗೆದುಕೊಂಡವರ ಜಾಣತನ ನೋಡಿ ನಾನು ಇನ್ನಷ್ಟು ಹುಷಾರಾದೆ. ಇಂಥ ಊರಿನಲ್ಲಿ ಇದ್ದವನು ಸರಳ ಮನುಷ್ಯ ಆಗಿರಲಾರ.

ಹೋಟೆಲಿನ ಒಳಗೆ ಕಾಲಿಟ್ಟರೆ ನೆಲದಲ್ಲಿ ನಮ್ಮ ಮುಖ ನಮಗೇ ಕಾಣಿಸಿತು. ಲಿಫ್ಟು ಎಂಬ ಕಬ್ಬಿಣದ ಪಂಜರಕ್ಕೆ ದೊಡ್ಡಪ್ಪ ಹತ್ತಲಿಲ್ಲ. "ಬಾಗಿಲು ಹಾಕ್ಕೊಂಡ್ರ ಯಾವಾಗ ತೆಗೀತಾರ, ಯಾರು ಕಂಡಾರು?" ಎಂದು ಮೆಟ್ಟಿಲೇರಿ ಬಂದ. ಕೋಣೆಯಲ್ಲಿ ನಮ್ಮ ಪಡಸಾಲೆಯಷ್ಟು ಅಗಲದ ಮಂಚ. ಕುಳಿತರೆ ಕೆಳಗೆ ಇಳಿಯುತ್ತದೆ, ಎದ್ದರೆ ಹಿಂದಿನಿಂದ ನೂಕುತ್ತದೆ. ಮೇಜಿನ ಮೇಲೆ ಬುಟ್ಟಿ ತುಂಬ ಹಣ್ಣು. ನಾವು ಕೇಳಿರಲಿಲ್ಲ. ಕೇಳದೆ ಕೊಟ್ಟದ್ದನ್ನು ತಿನ್ನಬಾರದೆಂದು ದೊಡ್ಡಪ್ಪ ಬುಟ್ಟಿಗೆ ಟವೆಲು ಮುಚ್ಚಿಟ್ಟ. ನಾನು ಗೋಡೆಯ ದೊಡ್ಡ ಕನ್ನಡಿಯ ಹಿಂದೆ ಯಾರಾದರೂ ನಿಂತು ನೋಡುತ್ತಾರೋ ಎಂದು ಬೆರಳಿನಿಂದ ಬಡಿದು ನೋಡಿದೆ.

ನಮ್ಮ ಕೋಣೆಯ ಚಾಕರಿಗೆ ಒಬ್ಬ ಸಿಂಹಳದ ಮುದುಕ. ತಲೆಗೂದಲನ್ನು ಹಿಂದೆ ಗಂಟು ಕಟ್ಟಿ, ನೆತ್ತಿಯ ಮೇಲೆ ಅರ್ಧಚಂದ್ರದಂಥ ಬಾಚಣಿಗೆ ಸಿಕ್ಕಿಸಿಕೊಂಡಿದ್ದ. ಬರಿಗಾಲಿನಲ್ಲಿ ಸಪ್ಪಳವಿಲ್ಲದೆ ಬರುತ್ತಿದ್ದ. ದೊಡ್ಡಪ್ಪ ಅವನೊಡನೆ ನಿಜಾಮನ ಕಾಲದ ಉರ್ದುವಿನಲ್ಲಿ ಮಾತಾಡಿದ, ಅವನು ಸಿಂಹಳದಲ್ಲಿ ನಕ್ಕ. ಇಬ್ಬರಿಗೂ ಏನೂ ತಿಳಿಯಲಿಲ್ಲ.

ಎರಡನೆಯ ದಿನ

ಬೆಳಗ್ಗೆ ಎದ್ದು ನೋಡಿದರೆ ದೊಡ್ಡಪ್ಪನ ಕೆರ ಇಲ್ಲ.

ಊರಿನ ರೂಢಿಯಂತೆ ನಾವು ಕೆರಗಳನ್ನು ಬಾಗಿಲ ಹೊರಗೆ ಬಿಟ್ಟು ಮಲಗಿದ್ದೆವು. ಎಮ್ಮೆಯ ತೊಗಲಿನ ಕೆರ, ಸಿಂಧನೂರಿನಲ್ಲಿ ಹೇಳಿ ಮಾಡಿಸಿದ್ದು, ಎಣ್ಣೆ ಕುಡಿದು ಬೆಲ್ಲದ ಬಣ್ಣಕ್ಕೆ ಬಂದಿತ್ತು. "ನಾ ಹೇಳಿದ್ದಿಲ್ಲೇನು? ಇಷ್ಟು ಉಪಚಾರ ಮಾಡಿದ್ದು ಕೆರ ಹೊಡ್ಯಾಕ!" ಎಂದು ದೊಡ್ಡಪ್ಪ ಕೋಣೆಗಳ ನಡುವಿನ ಓಣಿಯಲ್ಲಿ ನಿಂತು ಕೂಗಿದ. ಆಚೀಚೆ ಬಾಗಿಲು ತೆರೆದು ದೊರೆಗಳು ಇಣುಕಿದರು. ಅಷ್ಟರಲ್ಲಿ ಬಾಚಣಿಗೆಯ ಮುದುಕ ಒಂದು ತಟ್ಟೆಯ ಮೇಲೆ ಬಿಳಿ ಬಟ್ಟೆ ಹಾಸಿ ಕೆರ ತಂದ. ಕಪ್ಪು ಪಾಲಿಶ್ ಹಚ್ಚಿ ತಿಕ್ಕಿ ತಿಕ್ಕಿ ಮಿಂಚಿಸಿದ್ದ. ಬಾಗಿಲ ಹೊರಗೆ ಬಿಟ್ಟರೆ ಪಾಲಿಶ್ ಮಾಡಿರೆಂದು ಅಲ್ಲಿ ಅರ್ಥವಂತೆ. ಶರಣಪ್ಪ ಓಡಿ ಬಂದು ತಿಳಿಸಿ ಹೇಳಿದ. ದೊಡ್ಡಪ್ಪ ಕರಿ ಕೆರಗಳನ್ನು ತಿರುವಿ ತಿರುವಿ ನೋಡಿ, ಇವು ತನ್ನವಲ್ಲ, ಬದಲಿಸಿದ್ದಾರೆ ಎಂದು ಸಂಜೆಯ ತನಕ ಅನ್ನುತ್ತಿದ್ದ.

ಊಟಕ್ಕೆ ಶರಣಪ್ಪ ಪೇಟೆಯ ಒಬ್ಬ ಶೈವರ ಮನೆಯಿಂದ ಅನ್ನ, ಸಾರು, ಪಲ್ಯ ತರಿಸಿದ್ದ. ತಾನೇ ಹೊತ್ತು ತಂದು ಬಡಿಸಿದ, ಆದರೆ ನಮ್ಮ ಜೊತೆ ಕೂರಲಿಲ್ಲ.

"ನೀ ಉಣ್ಣಂಗಿಲ್ಲೇನು?" ಎಂದ ದೊಡ್ಡಪ್ಪ.

"ನಂದು ಆಮ್ಯಾಲ ಆಕ್ಕೈತ್ರಿ."

ಲಿಂಗವಂತ ಲಿಂಗವಂತನ ಪಂಕ್ತಿಯಲ್ಲಿ ಕೂರಲು ಯಾಕೆ ಹಿಂಜರಿಯುತ್ತಾನೆ? ನನ್ನ ಅನುಮಾನಕ್ಕೆ ಮತ್ತಷ್ಟು ಮೇವು ಸಿಕ್ಕಿತು. ಮಧ್ಯಾಹ್ನ ಅವನು ಕೆಲಸದ ಮೇಲೆ ಪೇಟೆಗೆ ಹೊರಟಾಗ ನಾನು ಹಿಂದೆ ಬಿದ್ದೆ. ಹೆಂಡದಂಗಡಿಗೋ, ಯಾವಳದೋ ಮನೆಗೋ ಹೋಗುತ್ತಾನೆಂದು ನನ್ನ ಲೆಕ್ಕ. ಅವನು ತರಕಾರಿ ಕೊಂಡ, ತೆಂಗಿನಕಾಯಿಗೆ ಚೌಕಾಸಿ ಮಾಡಿದ, ತಮಿಳರ ಬೀದಿಯಲ್ಲಿ ಒಂದು ಗುಡಿಯ ಮುಂದೆ ನಿಂತ. ಒಳಗೆ ಹೋಗಲಿಲ್ಲ, ಕೈಯನ್ನೂ ಮುಗಿಯಲಿಲ್ಲ. ಮಳೆ ನಿಲ್ಲಲೆಂದು ಕಾಯುವವನ ಹಾಗೆ ಕಟ್ಟೆಯ ಹೊರಗೆ ಸುಮ್ಮನೆ ನಿಂತು ಹೊರಟುಹೋದ. ನಾನು ಒಂದು ಮಸಾಲೆ ಅಂಗಡಿಯ ಮೂಟೆಗಳ ಹಿಂದೆ ಬಗ್ಗಿ ನೋಡುತ್ತಿದ್ದೆ. ಅಂಗಡಿಯವನು ನನ್ನ ರಟ್ಟೆ ಹಿಡಿದು, ಮೆಣಸಿನಕಾಯಿ ಕದಿಯಲು ಬಂದವನೆಂದು ಬೀದಿಯ ಜನರನ್ನೆಲ್ಲ ಕೂಡಿಸಿದ. ನನ್ನ ಮುರುಕು ಇಂಗ್ಲಿಷಿನಲ್ಲಿ ಆ ದೊಡ್ಡ ಹೋಟೆಲಿನ ಹೆಸರು ಹೇಳಿದೆ. ಇಂಥ ಮೋರೆಯವನು ಅಲ್ಲಿ ಇಳಿದಿದ್ದಾನೆಂದು ಯಾರೂ ನಂಬಲಿಲ್ಲ. ಕೊನೆಗೆ ಜೇಬು ತಡವಿ, ಒಂದು ಬೀಜವೂ ಸಿಗದೆ ಬಿಟ್ಟರು.

ಮೂರನೆಯ ದಿನ

ಪಕ್ಕದ ಕೋಣೆಯಲ್ಲಿ ಒಬ್ಬ ಬಿಳಿ ಹೆಂಗಸು ಇಳಿದಿದ್ದಳು. ಸಿಂಹಳ ಹರಳುಗಳ ದೇಶ. ಅವಳು ಅಲ್ಲಿ ಕೊಂಡ ಒಂದು ನೀಲದ ಹರಳು ಕಾಣೆಯಾಯಿತೆಂದು ಬೆಳಗ್ಗೆ ಗದ್ದಲ ಎದ್ದಿತು. ಮ್ಯಾನೇಜರು, ಇಂಗ್ಲಿಷಿನವನು, ಚಾಕರರನ್ನೆಲ್ಲ ಸಾಲಾಗಿ ನಿಲ್ಲಿಸಿ ವಿಚಾರಿಸಿದ. ಆಗ ಬಾಚಣಿಗೆಯ ಮುದುಕ ತಾನು ಕಂಡದ್ದನ್ನು ಹೇಳಿಬಿಟ್ಟ: ನಮ್ಮ ಕೋಣೆಯಲ್ಲಿರುವ ಹಿರಿಯ ದಿನಾ ಮಿಂದು, ಮೈಗೆ ಬೂದಿ ಬಳಿದುಕೊಂಡು, ಬೆಳ್ಳಿಯ ಡಬ್ಬಿಯಿಂದ ಕರಿಯ ಉಂಡೆ ತೆಗೆದು ಅಂಗೈಯಲ್ಲಿಟ್ಟು, ರೆಪ್ಪೆ ಮಿಟುಕಿಸದೆ ನೋಡುತ್ತಾನೆ. ಕರೆದರೂ ಓಗೊಡುವುದಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಮ್ಯಾನೇಜರು, ಒಬ್ಬ ಕಾವಲುಗಾರ, ಅವರ ಹಿಂದೆ ಶರಣಪ್ಪ ನಮ್ಮ ಕೋಣೆಗೆ ಬಂದರು. ದೊಡ್ಡಪ್ಪ ಆಗ ತಾನೆ ಪೂಜೆಗೆ ಕುಳಿತಿದ್ದ. ಎಡ ಅಂಗೈಯಲ್ಲಿ ಲಿಂಗ, ಅದರ ಮೇಲೆ ದೃಷ್ಟಿ. ಹರಳಿನ ಮೇಲೆ ಕಪ್ಪು ಮೆತ್ತಿ ಮುಚ್ಚಿದ್ದಾರೆ, ಅದನ್ನು ಒಡೆದು ನೋಡಬೇಕು ಎಂದ ಮ್ಯಾನೇಜರು. ಮೂರು ದಿನ ನಾವು ಆ ಮನೆಯನ್ನೆಲ್ಲ ಅನುಮಾನಿಸಿದ್ದೆವು, ಈಗ ಆ ಮನೆ ನಮ್ಮನ್ನು ಅನುಮಾನಿಸಿತು.

ಶರಣಪ್ಪ ತಗ್ಗಿದ ದನಿಯಲ್ಲೇ ಕನ್ನಡದಲ್ಲಿ ವಿಷಯ ತಿಳಿಸಿದ. ದೊಡ್ಡಪ್ಪ ಮುಷ್ಟಿ ಬಿಗಿದು ಎದೆಗೆ ಒತ್ತಿಕೊಂಡ.

"ಹುಟ್ಟಿದಾಗ ಕಟ್ಟಿದ್ದು ಇದು. ನಾ ಸತ್ತ ದಿನ ಇದನ್ನ ಅಂಗೈಯಾಗ ಇಟ್ಟು ನನ್ನ ಕುಣ್ಯಾಗ ಕೂಡಸ್ತಾರ. ನಡುವ ಒಡ್ಯಾಕ ಆತ ಯಾರು? ಒಡದ್ರ ನಾ ಇಲ್ಲೇ ಪ್ರಾಣ ಬಿಡ್ತೀನಿ, ಹೇಳು ಆತಗ."

ಅದು ಬರಿಯ ಬೆದರಿಕೆ ಆಗಿರಲಿಲ್ಲ. ನಮ್ಮ ದೊಡ್ಡಪ್ಪನನ್ನು ನಾನು ಬಲ್ಲೆ. ಮ್ಯಾನೇಜರು ಕೈ ಚಾಚಿ ಒಂದು ಹೆಜ್ಜೆ ಮುಂದೆ ಬಂದ. ಆಗ ದೊಡ್ಡಪ್ಪ ನಾನು ಎಂದೂ ಎಣಿಸದ ಕೆಲಸ ಮಾಡಿದ. ಬೇರೆಯವರ ಕೈ ಸೋಕುವುದಕ್ಕಿಂತ ಇದು ವಾಸಿ ಎಂದುಕೊಂಡನೋ ಏನೋ, ಅಂಗೈಯನ್ನು ಶರಣಪ್ಪನ ಕಡೆ ಚಾಚಿದ.

"ತಗೋ. ನೀ ನಮ್ಮಾವ ಅದೀ. ನಿನ್ನ ಕೈಯಾಗ ಹಿಡಿದು ಆತಗ ತೋರ್ಸು. ಅವನ ಕೈ ಮುಟ್ಟಬಾರ್ದು."

ಶರಣಪ್ಪ ಹಿಂದೆ ಸರಿದ. ಎರಡೂ ಕೈಗಳನ್ನು ಬೆನ್ನಿನ ಹಿಂದೆ ಕಟ್ಟಿಕೊಂಡ.

"ಬ್ಯಾಡ್ರಿ ಸಾವಕಾರ್ರ. ನನಗ ಕೊಡಬ್ಯಾಡ್ರಿ. ನನ್ನ ಮೈಮ್ಯಾಲ ಲಿಂಗ ಇಲ್ರಿ."

ನಾವು ಸಮುದ್ರ ದಾಟಿ ಹುಡುಕಲು ಬಂದದ್ದು ಇದೇ ಮಾತನ್ನು. ಸಿಕ್ಕಿತು. ದೊಡ್ಡಪ್ಪ ಚಾಚಿದ ಅಂಗೈಯನ್ನು ಮತ್ತೆ ಎದೆಗೆ ಎಳೆದುಕೊಂಡ. ಶರಣಪ್ಪ ನಮ್ಮ ಕಡೆ ನೋಡದೆ ಮ್ಯಾನೇಜರಿನ ಮುಂದೆ ನಿಂತು ಇಂಗ್ಲಿಷಿನಲ್ಲಿ ಮಾತಾಡಿದ. ನನಗೆ ತಿಳಿದಷ್ಟು ಹೇಳುತ್ತೇನೆ. ಇದು ಈ ಹಿರಿಯರ ದೇವರು, ಇದರೊಳಗೆ ಹರಳಿಲ್ಲ, ಇದಕ್ಕೆ ನಾನು ಜವಾಬ್ದಾರಿ, ಒಡೆಯುವುದಾದರೆ ಈ ಮನೆಯ ಕೆಲಸ ನನಗೆ ಬೇಡ. ಹೀಗೆ ಹೇಳಿ ಸೊಂಟದ ಕೀಲಿಗೊಂಚಲು ಬಿಚ್ಚಿ ಹಣ್ಣಿನ ಬುಟ್ಟಿಯ ಪಕ್ಕಕ್ಕೆ ಇಟ್ಟ. ಮ್ಯಾನೇಜರು ಕೀಲಿಗಳನ್ನು ನೋಡಿದ, ಅವನ ಮುಖ ನೋಡಿದ, ಸಂಜೆಯ ತನಕ ಯಾರೂ ಹೊರಗೆ ಹೋಗಕೂಡದೆಂದು ಹೇಳಿ ನಡೆದ. ಮಧ್ಯಾಹ್ನದ ಹೊತ್ತಿಗೆ ಹರಳು ಆ ಹೆಂಗಸಿನ ಕೈಚೀಲದ ಹರಿದ ಒಳಪದರದಲ್ಲೇ ಸಿಕ್ಕಿತು. ಮ್ಯಾನೇಜರು ಬಂದು ನಮಗೆ ತಲೆಬಾಗಿ ಕೀಲಿಗೊಂಚಲನ್ನು ಶರಣಪ್ಪನಿಗೆ ಹಿಂದಿರುಗಿಸಿದ.

ಮ್ಯಾನೇಜರು ಹೋದ ಮೇಲೆ ದೊಡ್ಡಪ್ಪ ಕೇಳಿದ: "ಮದಲಿಂದ ಇರಲಿಲ್ಲೇನು?"

"ಇತ್ತ್ರಿ."

"ಎಲ್ಲಿ ಹೋತು?"

"ಹೋತ್ರಿ," ಎಂದ ಶರಣಪ್ಪ.

"ಮತ್ತ ಯಾಕ ಕಟ್ಟಿಸ್ಕೊಳ್ಳಲಿಲ್ಲ?"

"ಗುರುಗಳು ಕೇಳ್ತಾರ್ರಿ, ಮದಲಿಂದು ಏನು ಮಾಡ್ದಿ ಅಂತ. ಹೇಳಾಕ ಬಾಯಿ ಬರಲಿಲ್ಲ."

ದೊಡ್ಡಪ್ಪ ನನ್ನ ಕಡೆ ತಿರುಗಿ, "ಬಸ್ಯಾ, ಗಂಟು ಕಟ್ಟು," ಎಂದ.

ಸ್ಟೇಷನ್ನಿನಲ್ಲಿ ಶರಣಪ್ಪ ಮತ್ತೆ ಬಾಗಿ ಪಾದ ಮುಟ್ಟಿದ. ದೊಡ್ಡಪ್ಪನ ಲಿಂಗ ಉಳಿಸಿದವನು, ತನ್ನದೇ ಲಿಂಗ ಇಲ್ಲದವನು. ದೊಡ್ಡಪ್ಪನ ಕೈ ಹರಸಲೆಂದು ಎದ್ದು ನಡುವೆಯೇ ನಿಂತಿತು. ರೈಲು ಹೊರಟ ಮೇಲೆ ನಾನು ನನ್ನ ಲೆಕ್ಕ ಹೇಳಿದೆ: ಬೆಳ್ಳಿಯ ಆಸೆಗೆ ಕರಡಿಗೆ ಸಮೇತ ಮಾರಿಕೊಂಡಿರಬೇಕು, ಇಲ್ಲವೇ ಕುಡಿದು ಎಲ್ಲೋ ಕಳೆದಿರಬೇಕು. ನೆಟ್ಟಗೆ ಕಳೆದುಕೊಂಡವನಿಗೆ ಗುರುವಿನ ಮುಂದೆ ಹೇಳಲು ಏನು ಕಷ್ಟ? ದೊಡ್ಡಪ್ಪ ಮನೆ ಮುಟ್ಟುವ ತನಕ ಕಿಟಕಿಯ ಹೊರಗೇ ನೋಡುತ್ತಿದ್ದ.

ಮತ್ತೆ ಮಸ್ಕಿ

ನೀಲಮ್ಮ ಕಾಲಿಗೆ ನೀರು ಕೊಟ್ಟಳು, ಉಣ್ಣಲು ಬಡಿಸಿದಳು. ಏನಾಯಿತೆಂದು ಕೇಳಲಿಲ್ಲ. ಊಟ ಮುಗಿದ ಮೇಲೆ ನಾನೇ ಎಲ್ಲ ಹೇಳಿದೆ. ಹೋಟೆಲು, ಕೆರ, ಹರಳು, ಕೀಲಿಗೊಂಚಲು. ಕೊನೆಗೆ ಲಿಂಗದ ಮಾತನ್ನೂ ಹೇಳಿದೆ, ನನ್ನ ಅನುಮಾನವನ್ನೂ ಸೇರಿಸಿದೆ.

"ಮಾರಿಕೊಂಡಾನ," ಎಂದೆ.

ನೀಲಮ್ಮ ಗೋಡೆಗೆ ಒರಗಿ ನಿಂತಿದ್ದವಳು ಮೆಲ್ಲಗೆ ಕೆಳಗೆ ಕುಳಿತಳು.

"ಇಷ್ಟು ದಿನದಾಗ ಹೊಸಾದು ಕಟ್ಕೊಂಡಿರ್ತಾರ ಅಂತ ತಿಳಿದಿದ್ದೆ ನಾ," ಎಂದಳು. ಆಮೇಲೆ ದೊಡ್ಡಪ್ಪನ ಕಡೆ ನೋಡಿದಳು. "ಕ್ಯಾಂಪಿಗೆ ಹೋಗೂಮುಂದ ಹಾದ್ಯಾಗ ದರೋಡಿ ಮಂದಿ ನಮ್ಮವರ ಕೊರಳಾಗಿನ ಬೆಳ್ಳಿ ಕರಡಗಿ ಹರಕೊಂಡ್ರು, ದೊಡ್ಡಪ್ಪ. ಲಿಂಗ ಅದರಾಗ ಹೋತು. ಜ್ವರದಾಗ ಮೂರೊತ್ತೂ ಎದಿ ತಡವಿ ತಡವಿ ಹುಡುಕ್ತಿದ್ರು. ಸತ್ತ ಮ್ಯಾಲ ಕುಣ್ಯಾಗ ಕೂಡ್ಸಿದ್ರು. ಅಂಗೈ ಬರಿದು. ಬರಿ ಕೈಲೆ ಮಣ್ಣು ಹಾಕಬ್ಯಾಡ್ರಿ ಅಂತ ನಾ ಹೊಯ್ಕೊಂಡೆ. ಅಲ್ಲಿ ಮಠ ಇಲ್ಲ, ಗುರು ಇಲ್ಲ, ಯಾರು ಏನು ಮಾಡ್ತಾರ? ಹೆಣ ಹೊತ್ತವರೊಳಗ ನೀವು ನೋಡಿ ಬಂದ ಇವರೊಬ್ಬರು ಕುಣ್ಯಾಗ ಇಳದ್ರು. ತಮ್ಮ ಕೊರಳಾಗಿಂದು ಬಿಚ್ಚಿ ನಮ್ಮವರ ಅಂಗೈಯಾಗ ಇಟ್ಟು, ಅರಿವಿ ಸುತ್ತಿ, ಮ್ಯಾಲ ಬಂದ್ರು. ನನ್ನ ಮಾರಿ ಸೈತ ನೋಡಲಿಲ್ಲ."

ಒಬ್ಬರ ಲಿಂಗ ಇನ್ನೊಬ್ಬರಿಗೆ ಕೊಡುವುದು ನಮ್ಮಲ್ಲಿ ಕೇಳರಿಯದ ತಪ್ಪು. ಅದನ್ನು ಯಾವ ಗುರುವಿನ ಮುಂದೆ ಹೇಗೆ ಹೇಳಿಯಾನು ಎಂದು ನನಗೆ ಆಗ ಹೊಳೆಯಿತು. ಆದರೂ ನನ್ನ ಸ್ವಭಾವ ಸುಮ್ಮನಿರಗೊಡಲಿಲ್ಲ.

"ನಮಗರ ಹೇಳಬಹುದಿತ್ತಲ್ಲ? ಇದೊಂದು ಮಾತು ಹೇಳಿದ್ರ ದೊಡ್ಡಪ್ಪ ಅಲ್ಲೇ ಹೂಂ ಅಂತಿದ್ದ."

"ಕೊಟ್ಟಿದ್ದು ನನ್ನ ಗಂಡಗ," ಎಂದಳು ನೀಲಮ್ಮ. "ಅದನ್ನ ಹೇಳಿ ನನ್ನನ್ನ ಉಡಿಕಿಗೆ ಕೇಳ್ತಾರೇನು?"

ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಸೆರಗಿನಿಂದ ಒರೆಸಿಕೊಳ್ಳಲಿಲ್ಲ. ಐದು ವರ್ಷದಲ್ಲಿ ನಮ್ಮೆದುರು ಅವಳು ಅತ್ತದ್ದನ್ನು ನಾನು ಕಂಡಿರಲಿಲ್ಲ. ದೊಡ್ಡಪ್ಪ ಎದ್ದು ಗೂಟದ ಮೇಲಿನ ಅಂಗಿ ತೆಗೆದು ತೊಟ್ಟುಕೊಂಡ, ರುಮಾಲು ಸುತ್ತಿದ. ಪ್ರಯಾಣದ ದೂಳು ಇನ್ನೂ ಮೈಮೇಲಿತ್ತು.

"ಈಗ ಎಲ್ಲಿಗೆ?" ಎಂದೆ.

"ಗುರುಗುಂಟಕ್ಕ," ಎಂದ ದೊಡ್ಡಪ್ಪ. "ಆ ಮುದುಕಿಗೆ ನಾವು ಒಪ್ಪೀವಿ ಅಂತ ಹೇಳಿ ಬರ್ತೀನಿ."